ಆಡುವವರು ಮತ್ತೆ ಬರುವಂಥ ಗೇಮ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ಹತ್ತು ಹನ್ನೆರಡು ಜನ ಸೇರಿ ಮೊಬೈಲ್ ಗೇಮ್ ಮಾಡುವುದನ್ನು ಕಲಿಯುತ್ತೇವೆ. ಪಿಯುಸಿ ಹುಡುಗರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗಿಯರಿದ್ದಾರೆ, ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೊಬ್ಬರಿದ್ದಾರೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಜೊತೆಗೆ ಬರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಗ್ರಾಫಿಕ್ಸ್ ಚೆನ್ನಾಗಿದ್ದರೆ ಜನ ತಾವೇ ಆಡ್ತಾರೆ ಅಲ್ವಾ?

ಮೊದಲ ಐದು ನಿಮಿಷ ಆಡುತ್ತಾರೆ. ಚಂದ ಕಂಡಿದ್ದಕ್ಕೆ ಡೌನ್‌ಲೋಡ್ ಮಾಡುತ್ತಾರೆ, ಅಷ್ಟೇ. ನಾಳೆ ಮತ್ತೆ ತೆರೆಯಬೇಕಾದರೆ ಬೇರೆ ಏನೋ ಬೇಕು.

1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಟೆಟ್ರಿಸ್ ಬರೆದಾಗ ಅವರ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸೌಕರ್ಯವೇ ಇರಲಿಲ್ಲ. ಕಂಸದ ಗುರುತುಗಳನ್ನು ಜೋಡಿಸಿ ಅದನ್ನೇ ಇಟ್ಟಿಗೆ ಅಂತ ತೋರಿಸಿದರು. ಇವತ್ತಿಗೂ ಜನ ಅದನ್ನು ಆಡುತ್ತಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕಡೆ ಹಳೇ ಗುಡಿಗಳ ಕಟ್ಟೆ ಮೇಲೆ ಕಲ್ಲಿನಲ್ಲೇ ಕೆತ್ತಿದ ಚೌಕಾಬಾರದ ಮನೆಗಳನ್ನು ನೋಡಿರುತ್ತೀರಿ. ಕೆಲವು ಗೆರೆ, ನಾಲ್ಕು ಕವಡಿ. ಅದರ ಮುಂದೆ ಕೂತವರು ಊಟ ಮರೆಯುತ್ತಿದ್ದರು.

ಚೌಕಾಬಾರದಿಂದ ಮೊಬೈಲ್ ಗೇಮ್ ಮಾಡುವವರು ಕಲಿಯುವುದು ಏನಿದೆ?

ಬಹಳ ಇದೆ. ನಮ್ಮ ಮೊದಲ ಪಾಠವೇ ಇದು. ಕಂಪ್ಯೂಟರ್ ತೆರೆಯುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆದು ಆಡುತ್ತೇವೆ.

ಕವಡಿ ಲೆಕ್ಕ ನೋಡಿ. ನಾಲ್ಕು ಕವಡಿ ಬಿಟ್ಟರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಪ್ರತಿ ಕವಡಿಯೂ ಎರಡು ಕಡೆಗೂ ಸಮನಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ ಎರಡು ಬೀಳಲು 6 ದಾರಿ, ಒಂದಕ್ಕೆ 4, ಮೂರಕ್ಕೆ 4. ಎಲ್ಲ ಕವಡಿ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಒಂದೊಂದೇ ದಾರಿ. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಆಟ ಸಿಗುತ್ತದೆ. ಅಂದರೆ ಹೆಚ್ಚುಕಡಿಮೆ ಎಂಟು ಸಲಕ್ಕೆ ಒಂದು ಸಲ ಹಬ್ಬ. ಅದಕ್ಕಿಂತ ಜಾಸ್ತಿ ಬಿದ್ದರೆ ಬೆಲೆ ಇರುವುದಿಲ್ಲ, ಕಡಿಮೆಯಾದರೆ ಆಸೆಯೇ ಬತ್ತುತ್ತದೆ.

ಆದರೆ ಬರೀ ಅದೃಷ್ಟದ ಮೇಲೆ ಆಟ ನಿಂತಿಲ್ಲ. ಬಿದ್ದ ಮೂರನ್ನು ಯಾವ ಕಾಯಿಗೆ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಕಟ್ಟೆ ಮನೆಯಲ್ಲಿ ಭದ್ರವಾಗಿ ಕೂರಬೇಕಾ, ಎದುರಿನವರ ಕಾಯಿ ಹೊಡೆಯಲು ಹೊರಗೆ ಬರಬೇಕಾ? ಬಹಳ ಮನೆಗಳಲ್ಲಿ ಇನ್ನೊಂದು ನಿಯಮವೂ ಇದೆ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಈ ಒಂದು ನಿಯಮ ತೆಗೆದು ಆಡಿ ನೋಡಿ. ಎಲ್ಲರೂ ಹೆದರಿಕೊಂಡು ಮೂಲೆ ಹಿಡಿಯುತ್ತಾರೆ. ಯಾರ ಕಾಯಿ ಮೊದಲು ನಡುಮನೆ ಸೇರಿ ಹಣ್ಣಾದರೂ ಯಾರಿಗೂ ಖುಷಿಯಾಗುವುದಿಲ್ಲ. ಇದನ್ನು ಯಾರು ಕಂಡುಹಿಡಿದರೋ, ಅವರ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ.

ನೀವು ಮಾಡಿದ ಗೇಮ್ ಇಟ್ಟುಕೊಂಡೇ ಒಂದು ಉದಾಹರಣೆ ಕೊಡ್ತೀರಾ?

ನಮ್ಮದೊಂದು ಪುಟ್ಟ ಗೇಮ್ ಇದೆ. ಜಾತ್ರೆಯಲ್ಲಿ ತೇರು ಎಳೆಯುವಾಗ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರಲ್ವಾ, ಅದೇ ಆಟ. ತೇರು ನಿಧಾನಕ್ಕೆ ಬಲಕ್ಕೆ ಹೋಗುತ್ತಿರುತ್ತದೆ. ಬೆರಳಿನಿಂದ ಉತ್ತತ್ತಿಯನ್ನು ಹಿಂದಕ್ಕೆಳೆದು ಬಿಟ್ಟರೆ ಅದು ಹಾರಿ ಕಳಸ ಮುಟ್ಟಬೇಕು.

ಮೊದಲ ಸಲ ಮಾಡಿದಾಗ ಗುರಿ ಬಹಳ ಸುಲಭ ಇತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಐದು ಸಲ ಎಸೆದಳು, ಐದೂ ಸಲ ಮುಟ್ಟಿತು. ಆರನೆಯದನ್ನು ಎಸೆಯದೆ ಫೋನ್ ವಾಪಸ್ ಕೊಟ್ಟಳು. "ಆಯ್ತು ಅಕ್ಕಾ" ಅಂದಳು. ಮುಖದಲ್ಲಿ ಬೇಜಾರೂ ಇಲ್ಲ, ಖುಷಿಯೂ ಇಲ್ಲ.

ಹಾಗಾಗಿ ಗಾಳಿ ಸೇರಿಸಿದೆವು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮನಸ್ಸು ಬಂದಂತೆ ಬೀಸುವ ಗಾಳಿ. ಈ ಸಲ ಅದೇ ಹುಡುಗಿ ನಾಲ್ಕು ಸಲ ತಪ್ಪಿದಳು. "ಅಕ್ಕಾ, ಇದು ಮೋಸ ಅದ ರೀ" ಅಂತ ಸಿಟ್ಟಾದಳು. ಅವಳು ಹೇಳಿದ್ದು ಸರಿಯಾಗಿತ್ತು. ಗಾಳಿ ಎತ್ತ ಕಡೆ ಬೀಸುತ್ತಿದೆ ಅಂತ ತಿಳಿಯಲು ಅವಳಿಗೆ ನಾವು ಏನನ್ನೂ ಕೊಟ್ಟಿರಲಿಲ್ಲ.

ಮೂರನೇ ಸಲ ತೇರಿನ ತುದಿಗೆ ಒಂದು ಬಾವುಟ ಕಟ್ಟಿದೆವು. ಗಾಳಿ ತಿರುಗುವ ಒಂದು ಸೆಕೆಂಡ್ ಮೊದಲೇ ಬಾವುಟ ಆ ಕಡೆಗೆ ಅಲ್ಲಾಡುತ್ತದೆ. ಅದನ್ನು ಹೇಳಲು ಒಂದಕ್ಷರವೂ ಬರೆಯಲಿಲ್ಲ. ಹುಡುಗಿ ಎರಡು ಸಲ ತಪ್ಪಿದಳು, ಮೂರನೆಯ ಸಲ ಬೆರಳು ಹಾಗೇ ಹಿಡಿದು ಬಾವುಟ ನೋಡಿದಳು. ಬಿಟ್ಟಳು. ಕಳಸದ ಪಕ್ಕದಲ್ಲೇ ಹಾದುಹೋಯಿತು. ಆಗ ಅವಳು ಅಂದಿದ್ದು: "ತಡೀರಿ, ನಾನೇ ಲಗೂ ಬಿಟ್ಟೆ." ಲಗೂ ಅಂದರೆ ನಮ್ಮ ಕಡೆ ಬೇಗ ಅಂತ. ಅವತ್ತು ಫೋನ್ ವಾಪಸ್ ಪಡೆಯಲು ಅರ್ಧ ಗಂಟೆ ಹಿಡಿಯಿತು.

ಆ ಮಾತನ್ನು ನಮ್ಮ ಗೋಡೆ ಮೇಲೆ ಬರೆದುಕೊಂಡಿದ್ದೇವೆ. ಸೋತವರು "ಮೋಸ" ಅಂದರೆ ಗೇಮ್ ಮುಗಿದ ಹಾಗೆ. "ನಾನೇ ಲಗೂ ಬಿಟ್ಟೆ" ಅಂದರೆ ಅವರು ಇನ್ನೊಮ್ಮೆ ಆಡುತ್ತಾರೆ. ಯಾಕಂದರೆ ಮುಂದಿನ ಸಲ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗಿದೆ.

ಕಷ್ಟ ಎಷ್ಟಿರಬೇಕು?

ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಎಂಬ ಮನಶ್ಶಾಸ್ತ್ರಜ್ಞರು ಜನ ಕೆಲಸದಲ್ಲಿ ಮೈಮರೆಯುವುದು ಯಾವಾಗ ಅಂತ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಎದುರಿಗಿರುವ ಸವಾಲು ನಮ್ಮ ಕೈಚಳಕಕ್ಕೆ ಸರಿಸಮ ಇದ್ದಾಗ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಸವಾಲು ಜಾಸ್ತಿಯಾದರೆ ಕಳವಳ, ಕಡಿಮೆಯಾದರೆ ಬೇಸರ. ಆಡುತ್ತಾ ಆಡುತ್ತಾ ಕೈ ಪಳಗುತ್ತದೆ, ಹಾಗಾಗಿ ಸವಾಲೂ ಏರುತ್ತಾ ಹೋಗಬೇಕು.

ಇದಕ್ಕೆ ನನಗೆ ಇಷ್ಟವಾದ ಕತೆ 1978ರ ಸ್ಪೇಸ್ ಇನ್ವೇಡರ್ಸ್‌ನದು. ಟೊಮೊಹಿರೊ ನಿಶಿಕಾಡೊ ಅದನ್ನು ಮಾಡಿದಾಗ ಆಗಿನ ಪ್ರೊಸೆಸರಿಗೆ ಪರದೆ ತುಂಬ ಇದ್ದ ಶತ್ರುಗಳನ್ನು ಬಿಡಿಸುವುದೇ ಭಾರವಾಗಿತ್ತು. ಹೊಡೆದಷ್ಟೂ ಶತ್ರುಗಳು ಕಡಿಮೆಯಾಗಿ ಪ್ರೊಸೆಸರ್ ಹಗುರಾಯಿತು, ಉಳಿದವು ವೇಗವಾಗಿ ಓಡತೊಡಗಿದವು. ಅವರು ಅದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಬಿಟ್ಟರು. ಗೆಲುವು ಹತ್ತಿರ ಬಂದಂತೆ ಎದೆ ಬಡಿತ ಜಾಸ್ತಿಯಾಗುವ ಆಟ ಹೀಗೆ ಹುಟ್ಟಿತು.

ಒಂದು ಎಚ್ಚರಿಕೆ. ಕಷ್ಟ ಏರುತ್ತಲೇ ಇರಬಾರದು. ಬಾವಿ ಮೆಟ್ಟಿಲಿನಲ್ಲಿ ನಡುನಡುವೆ ಕೂರಲು ಕಟ್ಟೆ ಇರುವ ಹಾಗೆ ಮೂರು ಕಷ್ಟದ ಹಂತ ಆದ ಮೇಲೆ ಒಂದು ಸುಲಭದ್ದು ಕೊಡಿ. ತಾನು ಎಷ್ಟು ಪಳಗಿದ್ದೇನೆ ಅಂತ ಆಡುವವರಿಗೆ ಗೊತ್ತಾಗುವುದು ಅಲ್ಲೇ.

ಶುರುವಿನಲ್ಲಿ ನಿಯಮಗಳನ್ನು ಬರೆದು ತೋರಿಸಬೇಕಾ?

ಆದಷ್ಟು ಬೇಡ. ಯಾರೂ ಓದುವುದಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತ ನೋಡಿ. ಮಾರಿಯೋ ಪರದೆಯ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಎತ್ತ ಹೋಗಬೇಕು ಅಂತ ಹೇಳಬೇಕಾಗಿಯೇ ಇಲ್ಲ. ಸ್ವಲ್ಪ ಮುಂದೆ ಒಂದು ಪುಟ್ಟ ಶತ್ರು ಎದುರಿಗೇ ನಡೆದು ಬರುತ್ತದೆ. ತಾಗಿದರೆ ಸಾಯುತ್ತೀರಿ, ಆದರೆ ಕಳೆದುಕೊಂಡಿದ್ದು ನಾಲ್ಕಾರು ಸೆಕೆಂಡ್ ಮಾತ್ರ. ಎರಡನೇ ಸಲ ಜಿಗಿಯುತ್ತೀರಿ. ಪಾಠ ಮುಗಿಯಿತು.

ನಮ್ಮ ಭಾಗದಲ್ಲಿ ಇದು ಇನ್ನೂ ಮುಖ್ಯ. ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ ಎಲ್ಲ ಕೇಳುತ್ತವೆ. ಓದಲು ಬಾರದ ದೊಡ್ಡವರೂ ಈಗ ಮೊಬೈಲ್ ಹಿಡಿಯುತ್ತಾರೆ. ಬಾವುಟ ಎಲ್ಲರಿಗೂ ಅರ್ಥವಾಗುತ್ತದೆ.

ಕೆಲವು ಗೇಮ್ ಕೈಗೆ ಹಿತ ಅನಿಸ್ತವೆ, ಕೆಲವು ಒರಟು ಅನಿಸ್ತವೆ. ಯಾಕೆ?

ಸಣ್ಣ ಸಣ್ಣ ಕೆಲಸಗಳಿಂದ. ಮಾಳಿಗೆ ಅಂಚಿನಿಂದ ಜಿಗಿಯುವ ಆಟ ಅಂದುಕೊಳ್ಳಿ. ಆಡುವವರು ಅಂಚು ದಾಟಿದ ಕ್ಷಣವೇ ಗುಂಡಿ ಒತ್ತುತ್ತಾರೆ. ಲೆಕ್ಕದ ಪ್ರಕಾರ ಕಾಲು ಆಗಲೇ ಗಾಳಿಯಲ್ಲಿದೆ, ಬೀಳಬೇಕು. ಆದರೆ ಅವರ ಮನಸ್ಸಿನಲ್ಲಿ ಅವರು ಸರಿಯಾಗೇ ಒತ್ತಿದ್ದಾರೆ. ಅದಕ್ಕೇ ಅಂಚು ದಾಟಿದ ಮೇಲೂ ಸುಮಾರು 0.1 ಸೆಕೆಂಡ್ ಜಿಗಿಯಲು ಬಿಡುತ್ತಾರೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಓಡುವ ಗೇಮ್‌ನಲ್ಲಿ ಅದು 6 ಫ್ರೇಮ್. ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. 2018ರ ಸೆಲೆಸ್ಟ್ ಬಹಳ ಕಷ್ಟದ ಗೇಮ್, ಆದರೂ ಅದರಲ್ಲಿ ಈ ಕರುಣೆ ಇದೆ. ಆಡುವವರಿಗೆ ಇದು ಕಾಣಿಸುವುದೇ ಇಲ್ಲ. "ಗೇಮ್ ನನ್ನ ಮಾತು ಕೇಳುತ್ತೆ" ಅನಿಸುತ್ತದೆ, ಅಷ್ಟೇ.

ಇನ್ನೊಂದು, ಸದ್ದು. ಉತ್ತತ್ತಿ ಕಳಸಕ್ಕೆ ತಾಗುವ ಸದ್ದು ಇಂಟರ್ನೆಟ್‌ನಲ್ಲಿ ಎಷ್ಟು ಹುಡುಕಿದರೂ ಸರಿಹೋಗಲಿಲ್ಲ. ಕಡೆಗೆ ಒಬ್ಬ ಹುಡುಗನ ಮನೆಯ ಹಿತ್ತಾಳೆ ಕೊಡ ಬೋರಲು ಹಾಕಿ, ಮೇಲಿಂದ ಹುಣಸೆ ಬೀಜ ಬಿಟ್ಟು ಫೋನ್‌ನಲ್ಲೇ ರೆಕಾರ್ಡ್ ಮಾಡಿದೆವು. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತಾ ನಲವತ್ತು ಸಲ ಬಿಟ್ಟಿರಬೇಕು. ಮೂವತ್ತನೆಯದಕ್ಕಿಂತ ಆಚೆ ಎಲ್ಲೋ ಒಂದು "ಠಣ್" ಸಿಕ್ಕಿತು. ಆ ಸದ್ದು ಹಾಕಿದ ದಿನದಿಂದ ಜನ ಸುಮ್ನೆ ಅದನ್ನು ಕೇಳಲು ಇನ್ನೊಂದು ಎಸೆಯುತ್ತಾರೆ.

ಸೋತ ಮೇಲೆ ಮತ್ತೆ ಶುರುವಾಗಲು ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು. ಕಾಯಿಸಿದರೆ ಆಡುವ ಆಸೆ ಆರಿಹೋಗುತ್ತದೆ.

ದಿನಾ ಬಂದರೆ ಬಹುಮಾನ, ಬರದಿದ್ದರೆ ನೋಟಿಫಿಕೇಶನ್. ಇದನ್ನೂ ಹಾಕಬೇಕಾ?

ಈ ಪ್ರಶ್ನೆ ನನಗೆ ನೋವು ಕೊಡುತ್ತದೆ. ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಮಾಡುತ್ತಿದ್ದ ಕೆಲಸವೇ ಅದು. ಸತತ ಇಷ್ಟು ದಿನ ಆಡಿದರೆ ಇಷ್ಟು ನಾಣ್ಯ, ಒಂದು ದಿನ ತಪ್ಪಿದರೂ ಲೆಕ್ಕ ಮತ್ತೆ ಸೊನ್ನೆ. ಆ ಗೇಮನ್ನು ನಮ್ಮ ಚಿಕ್ಕಪ್ಪನ ಮಗ ಆಡುತ್ತಿದ್ದ. ಆಳಂದದ ಕಡೆ ಒಂದು ಹಳ್ಳಿಗೆ ಮದುವೆಗೆ ಹೋದಾಗ ನೆಟ್‌ವರ್ಕ್ ಸಿಗಲಿಲ್ಲ. 43 ದಿನದ ಲೆಕ್ಕ ಹೋಯಿತು. ಎಲ್ಲರೂ ಊಟಕ್ಕೆ ಕೂತಿದ್ದಾಗ ಹುಡುಗ ಚಪ್ಪರದ ಹಿಂದೆ ಫೋನ್ ಮೇಲೆತ್ತಿ ಹಿಡಿದುಕೊಂಡು ಅಳುತ್ತಿದ್ದ. ಅವನು ಆ ಗೇಮನ್ನು ಇಷ್ಟಪಟ್ಟು ಆಡುತ್ತಿರಲಿಲ್ಲ, ಕಳೆದುಕೊಳ್ಳುವ ಭಯದಿಂದ ಆಡುತ್ತಿದ್ದ. ಅದನ್ನು ಬರೆದಿದ್ದು ನಾನು.

ಹಾಗಾಗಿ ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡಿದೆ. ಬಂದವರಿಗೆ ಏನಾದರೂ ಕೊಡಬಹುದು. ಬರದವರಿಂದ ಏನನ್ನೂ ಕಸಿಯಬಾರದು. ಹತ್ತು ದಿನ ಬಿಟ್ಟು ಬಂದವರಿಗೆ ನಮ್ಮ ಗೇಮ್ ಅವರು ನಿಲ್ಲಿಸಿದ ಜಾಗದಲ್ಲೇ ಬಾಗಿಲು ತೆರೆಯುತ್ತದೆ.

ಫ್ಲಾಪಿ ಬರ್ಡ್ ನೆನಪಿರಬೇಕು. ವಿಯೆಟ್ನಾಂನ ಡಾಂಗ್ ನ್ಗುಯೆನ್ ಒಬ್ಬರೇ ಮಾಡಿದ್ದು. ಲೋಕದ ತುಂಬ ಜನ ಆಡುತ್ತಿದ್ದಾಗಲೇ, 2014ರ ಫೆಬ್ರವರಿಯಲ್ಲಿ ಅದನ್ನು ಅಂಗಡಿಯಿಂದ ತೆಗೆದುಬಿಟ್ಟರು. ಜನರಿಗೆ ಚಟವಾಗುತ್ತಿದೆ ಅನ್ನುವುದು ಅವರು ಕೊಟ್ಟ ಕಾರಣ. ಎಲ್ಲರೂ ಹಾಗೆ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡರು, ಅದಕ್ಕೆ ನನಗೆ ಗೌರವ ಇದೆ.

ಲಾಟರಿ ಥರದ ಪೆಟ್ಟಿಗೆ, ಹಣ ಕಟ್ಟಿ ಆಡುವ ಆಟ?

ಎರಡನ್ನೂ ಬೇರೆ ಬೇರೆ ನೋಡಬೇಕು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ, ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಅದರಲ್ಲಿಲ್ಲ. ಅದರ ಹತ್ತಿರವೂ ಹೋಗಬೇಡಿ.

ಹಣ ಕೊಟ್ಟು ತೆರೆಯುವ, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಗಳಿಗೆ ಲೂಟ್ ಬಾಕ್ಸ್ ಅನ್ನುತ್ತಾರೆ. ಬೆಲ್ಜಿಯಂ 2018ರಲ್ಲೇ ಇಂಥವನ್ನು ಜೂಜು ಅಂತ ಪರಿಗಣಿಸಿತು. "ಚೌಕಾಬಾರದಲ್ಲೂ ಅದೃಷ್ಟ ಇದೆಯಲ್ಲ ಅಕ್ಕಾ" ಅಂತ ಹುಡುಗರು ಕೇಳುತ್ತಾರೆ. ಇದೆ. ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಜೊತೆ ಮಾಡಿದ ಪ್ರಯೋಗಗಳಲ್ಲಿ, ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದಾಗ ಅವು ಬಿಡದೆ ಕುಕ್ಕುತ್ತಿದ್ದವು. ಕವಡಿಯ ಸೆಳೆತವೂ ಅದೇ ಜಾತಿಯದು. ಆದರೆ ಕವಡಿ ಬಿಡಲು ದುಡ್ಡು ಕೊಡಬೇಕಾಗಿಲ್ಲ, ಎಷ್ಟಕ್ಕೆ ಎಷ್ಟು ಅನ್ನುವ ಲೆಕ್ಕ ಎಲ್ಲರ ಕಣ್ಣೆದುರಿಗಿದೆ, ಬಿದ್ದ ಮೇಲೆ ಯೋಚಿಸುವ ಕೆಲಸವೂ ಇದೆ. ಈ ಮೂರೂ ಇಲ್ಲದ ಅದೃಷ್ಟವನ್ನು ನಾವು ಗೇಮ್‌ಗೆ ಸೇರಿಸುವುದಿಲ್ಲ.

ನಮ್ಮ ಹುಡುಗ ಮೊಬೈಲ್ ಬಿಡೋದೇ ಇಲ್ಲ. ನೀವು ಇದನ್ನೇ ಕಲಿಸ್ತೀರಾ?

ಈ ಪ್ರಶ್ನೆ ಕೇಳುವ ತಂದೆತಾಯಿಗಳ ಮೇಲೆ ನನಗೆ ಬೇಸರ ಇಲ್ಲ. ಕೇಳಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯನ್ನು ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಜಾಸ್ತಿ ಹೊತ್ತು ಆಡಿದ ಮಾತ್ರಕ್ಕೆ ಕಾಯಿಲೆ ಅಂತ ಅದು ಹೇಳುವುದಿಲ್ಲ. ಆಟ ಕೈಮೀರಿರಬೇಕು, ಬದುಕಿನ ಬೇರೆ ಕೆಲಸಗಳಿಗಿಂತ ಅದೇ ಮೇಲಾಗಿರಬೇಕು, ಹಾನಿಯಾದರೂ ಬಿಡಲಾಗದಂತಿರಬೇಕು. ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ಹೀಗೇ ಇದ್ದರೆ ಆಗ ಅದು ಕಾಯಿಲೆ. ಅಂಥ ಗುರುತು ಕಂಡರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೈದು ಫೋನ್ ಕಸಿದರೆ ಸರಿಹೋಗುವ ವಿಷಯ ಅಲ್ಲ ಅದು.

ಗೇಮ್ ಮಾಡುವವರ ಜವಾಬ್ದಾರಿಯೂ ಇದೆ. ನಿಲ್ಲಿಸಲು ಜಾಗ ಕೊಡಬೇಕು. ನಮ್ಮ ಗೇಮ್‌ನಲ್ಲಿ ತೇರು ಪಾದಗಟ್ಟೆ ಮುಟ್ಟಿ ತಿರುಗಿ ಗುಡಿಗೆ ಬಂದರೆ ಒಂದು ಸುತ್ತು ಮುಗಿಯುತ್ತದೆ, ಸುಮಾರು ಆರು ನಿಮಿಷ. ಗಂಟೆ ಬಾರಿಸುತ್ತದೆ, ದೀಪ ಆರುತ್ತದೆ, ಮುಂದಿನ ಸುತ್ತು ತಾನಾಗೇ ಶುರುವಾಗುವುದಿಲ್ಲ. "ಇದೊಂದು ಮುಗಿಸಿ ಬರ್ತೀನಿ" ಅಂತ ಮಗು ಹೇಳಿದರೆ ಮುಗಿಯುವುದು ಯಾವಾಗ ಅಂತ ಮಗುವಿಗೂ ಗೊತ್ತಿರುತ್ತದೆ, ಅಮ್ಮನಿಗೂ ಗೊತ್ತಿರುತ್ತದೆ. ಆಟದಲ್ಲಿ ತಾನು ಸಾಯುವ ಹೊತ್ತಿಗೇ ಕರೆಯುತ್ತಾರೆ ಅಂತ ಮಕ್ಕಳು ಯಾಕೆ ಸಿಡುಕುತ್ತಾರೆ ಅಂತ ನೀವೂ ಒಮ್ಮೆ ಪಕ್ಕದಲ್ಲಿ ಕೂತು ಆಡಿ ನೋಡಿ.

ನಮ್ಮ ಊರಿನ ಕತೆ ಹಾಕಿದರೆ ಯಾರು ಆಡ್ತಾರೆ?

ಕತೆಯಷ್ಟೇ ಅಲ್ಲ, ಜಾಗವೂ ಆಟ ಕಲಿಸುತ್ತದೆ. ಬೀದರಿನ ಕರೇಜ್ ನೋಡಿದ್ದೀರಾ? ಬಹಮನಿ ಸುಲ್ತಾನರ ಕಾಲದಲ್ಲಿ ಕೆಂಪು ಮುರಕಲ್ಲು ಕೊರೆದು ಮಾಡಿದ ನೆಲದೊಳಗಿನ ನೀರಿನ ಕಾಲುವೆ. ನಡುನಡುವೆ ಮೇಲಿನಿಂದ ಬಾವಿಯಂಥ ಕಿಂಡಿಗಳಿವೆ, ಗಾಳಿ ಬೆಳಕಿಗೆ. ಒಳಗೆ ಕತ್ತಲು, ದೂರದಲ್ಲಿ ಒಂದು ಬೆಳಕಿನ ಕಂಬ, ಅದರಾಚೆ ಮತ್ತೆ ಕತ್ತಲು. ಆಡುವವರು ಎತ್ತ ನಡೆಯಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು? ನಮ್ಮ ಮುಂದಿನ ಗೇಮ್ ಅಲ್ಲೇ ನಡೆಯುತ್ತದೆ.

ಯಾವ ಸಾಫ್ಟ್‌ವೇರ್? ದುಡ್ಡು ಎಷ್ಟು ಬೇಕು?

ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್, ದೊಡ್ಡವರಿಗೆ ಗೊಡೊ. ಎರಡೂ ಉಚಿತ. ಗೊಡೊ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ನೀವು ಗಳಿಸಿದ್ದರಲ್ಲಿ ಪಾಲೂ ಕೇಳುವುದಿಲ್ಲ.

ಗೇಮನ್ನು ಮನೆಯಲ್ಲಿರುವ ಅತಿ ಹಳೆಯ ಫೋನ್‌ನಲ್ಲಿ ಓಡಿಸಿ ನೋಡಿ. ಅದೂ ಮೇ ತಿಂಗಳ ಮಧ್ಯಾಹ್ನ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫೋನ್ ಕಾಯುತ್ತದೆ, ಕಾದ ಪ್ರೊಸೆಸರ್ ತಾನಾಗೇ ವೇಗ ತಗ್ಗಿಸಿಕೊಳ್ಳುತ್ತದೆ. ಎಸಿ ರೂಮಿನಲ್ಲಿ ನೀರು ಹರಿದಂತೆ ಓಡಿದ ಗೇಮ್ ಇಲ್ಲಿ ಎಡವುತ್ತದೆ.

ಗೇಮ್ ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ?

ಬೇರೆಯವರ ಕೈಗೆ ಕೊಡಿ, ಹಿಂದೆ ಕೂರಿ, ಬಾಯಿ ಮುಚ್ಚಿಕೊಂಡಿರಿ. ಕಷ್ಟವಾದದ್ದು ಮೂರನೆಯದೇ. "ಅಲ್ಲಿ ಒತ್ತು" ಅನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು. ನಾಳೆ ಆ ಗೇಮ್ ಡೌನ್‌ಲೋಡ್ ಮಾಡಿಕೊಂಡವರ ಪಕ್ಕ ನೀವು ಇರುವುದಿಲ್ಲವಲ್ಲ.

ಆಡಿದವರನ್ನು "ಹೇಗಿತ್ತು" ಅಂತ ಕೇಳಬೇಡಿ. ನಮ್ಮ ಜನ ಮರ್ಯಾದಸ್ಥರು, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರ ಕೈ ನೋಡಿ. ಎಲ್ಲಿ ಹೆಬ್ಬೆರಳು ನಿಂತಿತು, ಎಲ್ಲಿ ಫೋನ್ ಮುಖಕ್ಕೆ ಹತ್ತಿರ ಬಂತು, ಎಲ್ಲಿ ಕಣ್ಣು ಕಿಟಕಿ ಕಡೆ ಹೋಯಿತು? ಹೊತ್ತು ಬರೆದುಕೊಳ್ಳಿ. ಮೂವರ ಕಣ್ಣು ಒಂದೇ ಜಾಗದಲ್ಲಿ ಕಿಟಕಿಗೆ ಹೋದರೆ ಅಲ್ಲಿ ಕೆಲಸ ಇದೆ. ಐದಾರು ಜನರನ್ನು ಹೀಗೆ ನೋಡಿದರೆ ದೊಡ್ಡ ತಪ್ಪುಗಳೆಲ್ಲ ಹೊರಗೆ ಬರುತ್ತವೆ. ಅದರಲ್ಲಿ ಒಬ್ಬರಾದರೂ ಗೇಮ್ ಆಡಿ ಗೊತ್ತಿಲ್ಲದವರಿರಲಿ.

ಇದರಿಂದ ಹೊಟ್ಟೆ ತುಂಬುತ್ತಾ?

ಶುರುವಿನಲ್ಲಿ ಇಲ್ಲ. ಓದು, ಕೆಲಸ ಬಿಟ್ಟು ಬರಬೇಡಿ. ಆದರೆ ಪೂರ್ತಿ ಮಾಡಿ ಮುಗಿಸಿದ ಎರಡು ಪುಟ್ಟ ಗೇಮ್ ಕೈಯಲ್ಲಿದ್ದರೆ ಕೆಲಸ ಕೇಳಲು ಹೋದಾಗ ತೋರಿಸಲು ಏನೋ ಇರುತ್ತದೆ. ಅರ್ಧಕ್ಕೆ ಬಿಟ್ಟ ದೊಡ್ಡ ಗೇಮ್ ಯಾರಿಗೂ ಬೇಡ.

ಭಾನುವಾರ ಬರುವಾಗ ಏನು ತರಬೇಕು?

ಚೌಕಳಿ ಹಾಳೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಲ್ಯಾಪ್‌ಟಾಪ್ ಇದ್ದರೆ ಸರಿ, ಇಲ್ಲದಿದ್ದರೆ ಇಬ್ಬರು ಒಂದರಲ್ಲಿ ಕೂರುತ್ತೀರಿ. ಕುಡಿಯಲು ನೀರು ತನ್ನಿ. ಮನೆಯಲ್ಲಿ ಅಜ್ಜಿಯ ಕವಡಿ ಇದ್ದರೆ ಕೇಳಿ ತನ್ನಿ, ನಮ್ಮಲ್ಲಿರುವ ನಾಲ್ಕರಲ್ಲಿ ಒಂದು ಒಡೆದಿದೆ.